ಉಂಡ ಮನೆಯ ಲೆಕ್ಕ

ಮಾನ್ಯ ಸಂಪಾದಕರಿಗೆ ವಂದನೆಗಳು.

ವಿದೇಶಗಳಲ್ಲಿ ಕೆಲವು ತಿಂಗಳ ಕಾಲ ಸ್ವಯಂಸೇವೆ ಮಾಡಬಯಸುವ ನಮ್ಮ ಯುವಕ ಯುವತಿಯರಿಗಾಗಿ ತಮ್ಮ ಪತ್ರಿಕೆ ಇತ್ತೀಚೆಗೆ ಪ್ರಕಟಿಸಿದ ಮಾರ್ಗದರ್ಶಿ ಲೇಖನವನ್ನು ಆಸಕ್ತಿಯಿಂದ ಓದಿದೆ. ಪಾಸ್‌ಪೋರ್ಟ್, ಲಸಿಕೆ, ವಿಮೆ, ಜೊತೆಗೆ ಒಯ್ಯಬೇಕಾದ ಔಷಧಿ ಇವೆಲ್ಲದರ ಬಗ್ಗೆ ಅದರಲ್ಲಿ ಉಪಯುಕ್ತವಾದ ವಿವರಗಳಿದ್ದವು. ಊಟ ಮತ್ತು ವಸತಿಯ ವಿಷಯಕ್ಕೆ ಬಂದಾಗ ಮಾತ್ರ ಲೇಖನ ‘ಸ್ಥಳೀಯ ಕುಟುಂಬದೊಂದಿಗೆ ವಾಸ, ಮನೆಯೂಟದ ಸೌಲಭ್ಯ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿತ್ತು. ಆ ಸೌಲಭ್ಯವನ್ನು ನೇಪಾಳದ ಗೋರ್ಖಾ ಜಿಲ್ಲೆಯ ಒಂದು ಬೆಟ್ಟದೂರಿನಲ್ಲಿ ಐದು ತಿಂಗಳು ಅನುಭವಿಸಿ ಬಂದವಳು ನಾನು. ಅದನ್ನು ಒದಗಿಸುವವರು ಯಾರು, ಅದಕ್ಕಾಗಿ ಅವರು ಏನೇನು ಬಿಟ್ಟುಕೊಡುತ್ತಾರೆ, ನಾವು ಕಟ್ಟುವ ಹಣದಲ್ಲಿ ಅವರ ಕೈಗೆ ಎಷ್ಟು ಸೇರುತ್ತದೆ ಎಂಬುದನ್ನು ತಿಳಿಸದೆ ಯಾವ ಮಾರ್ಗದರ್ಶಿಯೂ ಪೂರ್ಣವಾಗುವುದಿಲ್ಲವೆಂದು ನನಗೆ ಅನ್ನಿಸುವುದರಿಂದ ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ನಾನು ಎಣಿಸಹೊರಟಿರುವುದು ಆ ಮನೆಯ ಜಂತಿಯನ್ನಲ್ಲ, ಅಲ್ಲಿ ನಾನು ಮಾಡಿಟ್ಟು ಬಂದ ಸಾಲವನ್ನು.

ಮೊದಲಿಗೆ ನನ್ನ ತಂದೆಯವರ ಒಂದು ಸಂಗತಿಯನ್ನು ಹೇಳಬೇಕು. ಅವರು 1950ರ ದಶಕದಲ್ಲಿ ಮಂಡ್ಯದ ಕಡೆಯ ಹಳ್ಳಿಯೊಂದರಿಂದ ಮೈಸೂರಿಗೆ ಬಂದು ವಾರಾನ್ನದ ಮೇಲೆ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ವಾರಕ್ಕೆ ಏಳು ಮನೆ. ಆ ಕಾಲದ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಬಡ ವಿದ್ಯಾರ್ಥಿಗಳು ಬದುಕಿದ್ದು ಹಾಗೆಯೇ. ನಮ್ಮ ತಂದೆಯವರು ಮೂರು ವರ್ಷ ಗುರುವಾರದ ಮನೆಗೆ ಹೋಗಲಿಲ್ಲ. ಗುರುವಾರ ತಮಗೆ ಉಪವಾಸದ ವ್ರತವಿದೆಯೆಂದು ಆ ಮನೆಯವರಿಗೆ ಹೇಳಿಬಿಟ್ಟಿದ್ದರು. ದೇವರು ದಿಂಡರ ಬಗ್ಗೆ ಅಷ್ಟೇನೂ ಆಸ್ಥೆಯಿಲ್ಲದ ಅವರಿಗೆ ಇದೆಲ್ಲಿಯ ವ್ರತವೆಂದು ಮದುವೆಯಾದ ಮೇಲೆ ನಮ್ಮ ತಾಯಿ ಕೇಳಿದಾಗ ಅವರು ಹೇಳಿದ್ದು ಇಷ್ಟೆ: ಮೊದಲನೆಯ ಗುರುವಾರ ತಾವು ಎರಡನೆಯ ಸಲ ಅನ್ನ ಹಾಕಿಸಿಕೊಂಡಾಗ ಒಳಗಿನಿಂದ ಸೌಟು ಪಾತ್ರೆಯ ತಳಕ್ಕೆ ತಾಗಿದ ಸದ್ದು ಕೇಳಿಸಿತಂತೆ. ಆ ಮನೆಯ ಹೆಂಗಸು ಇನ್ನೂ ಊಟ ಮಾಡಿರಲಿಲ್ಲ.

ವಾರಾನ್ನವನ್ನು ಹೊಗಳಿ ಹಾಡುವುದು ನನ್ನ ಉದ್ದೇಶವಲ್ಲ. ಅಲ್ಲಿ ಜಾತಿ ಕೇಳದೆ ಯಾರೂ ಎಲೆ ಹಾಕುತ್ತಿರಲಿಲ್ಲ. ಬೇರೆ ಜಾತಿಯ ಹುಡುಗರು ಮಠಗಳ ಉಚಿತ ವಿದ್ಯಾರ್ಥಿನಿಲಯಗಳನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಆದರೂ ಇನ್ನೊಬ್ಬರ ಮನೆಯಲ್ಲಿ ಉಣ್ಣುವವನು ಕಿವಿ ತೆರೆದುಕೊಂಡು ಉಣ್ಣಬೇಕು ಎಂಬ ತಿಳಿವಳಿಕೆ ಅದನ್ನು ಉಂಡು ಬೆಳೆದವರಲ್ಲಿತ್ತು. ಹೊರದೇಶದ ಹಳ್ಳಿಗೆ ಸೇವೆ ಮಾಡುತ್ತೇವೆಂದು ಹೋಗುವ ನಮಗೆ, ನಾವು ಕೊಡುವವರೆಂಬ ಭಾವನೆ ತಲೆಯಲ್ಲಿ ಗಟ್ಟಿಯಾಗಿ ಕುಳಿತಿರುವುದರಿಂದ, ಆ ಕಿವಿ ಇರುವುದಿಲ್ಲ. ನನಗೂ ಇರಲಿಲ್ಲ.

ಇಪ್ಪತ್ತೆಂಟು ವರ್ಷದ ಬ್ಯಾಂಕ್ ನೌಕರಿಯಿಂದ ಸ್ವಯಂ ನಿವೃತ್ತಿ ಪಡೆದು 2017ರ ಸೆಪ್ಟೆಂಬರ್ ಆರಂಭದಲ್ಲಿ ನಾನು ಹೊರಟೆ. 2015ರ ಏಪ್ರಿಲ್ 25ರ ಭೂಕಂಪದ ಕೇಂದ್ರ ಇದ್ದದ್ದೇ ಗೋರ್ಖಾ ಜಿಲ್ಲೆಯಲ್ಲಿ. ಆ ಭೂಕಂಪದಲ್ಲಿ ನೇಪಾಳದಾದ್ಯಂತ ಸುಮಾರು 9,000 ಜನ ಸತ್ತರು, ಲಕ್ಷಗಟ್ಟಲೆ ಮನೆಗಳು ಬಿದ್ದವು. ಅಲ್ಲಿನ ಸಮುದಾಯ ಶಾಲೆಯೊಂದರಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ಗಣಿತ ಹೇಳಿಕೊಡುವುದು ನನಗೆ ಒಪ್ಪಿಸಿದ ಕೆಲಸ. ಭಾರತೀಯರಿಗೆ ನೇಪಾಳಕ್ಕೆ ಹೋಗಲು ವೀಸಾ ಬೇಕಿಲ್ಲ, ದೇವನಾಗರಿ ಲಿಪಿ ಓದಲು ಬರುತ್ತದೆ, ಊಟ ಅನ್ನ ಬೇಳೆಯದೇ. ಹೀಗೆಲ್ಲ ಯೋಚಿಸಿ, ಇದು ವಿದೇಶವೆಂಬುದು ಹೆಸರಿಗೆ ಮಾತ್ರ ಎಂದುಕೊಂಡೇ ಹೋಗಿದ್ದೆ.

ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆ, ಮೂವತ್ತನಾಲ್ಕು ವರ್ಷದ ಸೊಸೆ, ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ. ಮನೆಯ ಯಜಮಾನ ಆ ಊರಿನ ಇತರ ಅನೇಕ ಗಂಡಸರಂತೆ ಕತಾರ್‌ನಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಅತ್ತೆಯನ್ನು ಎಲ್ಲರಂತೆ ನಾನೂ ಆಮಾ ಎಂದು ಕರೆದೆ. ಸೊಸೆ ನನ್ನನ್ನು ದಿದಿ, ಎಂದರೆ ಅಕ್ಕ, ಎಂದಳು; ನಾನು ಅವಳನ್ನು ಬಹಿನಿ, ಎಂದರೆ ತಂಗಿ, ಎಂದೆ. ಮಕ್ಕಳಿಗೆ ನಾನು ಠೂಲೀ ಆಮಾ ಆದೆ. ಪದಕ್ಕೆ ಪದ ಹಿಡಿದರೆ ಅದು ನಮ್ಮ ದೊಡ್ಡಮ್ಮ. ಮೊದಲ ದಿನವೇ ಇಷ್ಟೊಂದು ನೆಂಟಸ್ತಿಕೆ ಸಿಕ್ಕಿಬಿಟ್ಟಾಗ, ಇವರು ನನ್ನನ್ನು ಮನೆಯವಳಂತೆ ನೋಡಿಕೊಳ್ಳುತ್ತಿದ್ದಾರೆಂದು ಹಿಗ್ಗಿದೆ. ಮನೆಯವಳು ಮಲಗುವ ಜಾಗ ಯಾವುದು, ಅತಿಥಿ ಮಲಗುವ ಜಾಗ ಯಾವುದು ಎಂಬುದನ್ನು ಗಮನಿಸಲು ಎರಡು ವಾರ ಹಿಡಿಯಿತು.

ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ನೇಪಾಳ ಸರ್ಕಾರ ಮೂರು ಕಂತುಗಳಲ್ಲಿ ಒಟ್ಟು 3 ಲಕ್ಷ ನೇಪಾಳಿ ರೂಪಾಯಿ ಕೊಡುತ್ತಿತ್ತು. ಮೊದಲು 50,000, ಪಾಯ ಹಾಕಿದ ಮೇಲೆ 1,50,000, ಗೋಡೆ ಎದ್ದ ಮೇಲೆ ಉಳಿದ 1 ಲಕ್ಷ. ಕಂಪನವನ್ನು ತಡೆಯುವಂತೆ ಸರ್ಕಾರದ ಎಂಜಿನಿಯರು ಹೇಳಿದ ಅಳತೆಯಲ್ಲೇ ಕಟ್ಟಬೇಕು. ಆ ದುಡ್ಡಿನಲ್ಲಿ ದೊಡ್ಡ ಮನೆ ಏಳುವಂತಿರಲಿಲ್ಲವಾದ್ದರಿಂದ ಜನ ಒಂದು ಅಥವಾ ಎರಡು ಕೋಣೆಗಳ ಮನೆ ಕಟ್ಟಿಕೊಂಡಿದ್ದರು. ನಾನಿದ್ದ ಮನೆಯಲ್ಲಿ ಎರಡು ಕೋಣೆ. ಸ್ವಯಂಸೇವಕರಿಗೆ ಪ್ರತ್ಯೇಕ ಕೋಣೆ ಇರಲೇಬೇಕೆಂದು ನನ್ನನ್ನು ಕಳಿಸಿದ ಸಂಸ್ಥೆಯ ನಿಯಮ. ಹಾಗಾಗಿ ಎರಡರಲ್ಲಿ ಒಂದು ನನ್ನದಾಯಿತು. ಇನ್ನೊಂದರಲ್ಲಿ ತಾಯಿ ಮಕ್ಕಳು ಮಲಗುತ್ತಿದ್ದರು. ಆಮಾ ಮಾತ್ರ, ಭೂಕಂಪವಾದ ಹೊಸತರಲ್ಲಿ ಎಬ್ಬಿಸಿದ್ದ, ಈಗ ಅಡುಗೆಮನೆಯಾಗಿದ್ದ ತಗಡಿನ ಗುಡಿಸಲಿನಲ್ಲಿ ಒಲೆಯ ಪಕ್ಕ ಮಲಗುತ್ತಿದ್ದರು. ಕೇಳಿದಾಗ ‘ಒಲೆಯ ಹತ್ತಿರ ಬೆಚ್ಚಗಿರುತ್ತದೆ’ ಎಂದರು. ಸೆಪ್ಟೆಂಬರ್‌ನಲ್ಲಿ ಅದನ್ನು ನಂಬಿದೆ. ಡಿಸೆಂಬರ್ ಬಂದು, ತಗಡಿನ ಒಳಮೈಯಿಂದ ಬೆಳಗಿನ ಹೊತ್ತು ನೀರು ತೊಟ್ಟಿಕ್ಕುವುದನ್ನು ಕಂಡಾಗ ನಂಬಲಾಗಲಿಲ್ಲ. ನಾನು ಅಲ್ಲಿ ಮಲಗುತ್ತೇನೆಂದೆ. ಆ ಮಾತಿಗೆ ಮನೆಯಲ್ಲಿ ಎಷ್ಟು ಮುಜುಗರ ಉಂಟಾಯಿತೆಂದರೆ ಮತ್ತೆ ಎತ್ತಲಿಲ್ಲ. ಕೊನೆಗೆ ಮಗಳು ನನ್ನ ಕೋಣೆಗೆ ಬಂದು ಮಲಗುವುದೆಂದೂ ಆಮಾ ಒಳಗೆ ಸೊಸೆಯ ಪಕ್ಕ ಮಲಗುವುದೆಂದೂ ಒಂದು ದಾರಿ ಕಂಡುಕೊಂಡೆವು. ಅದು ಸಂಸ್ಥೆಯ ನಿಯಮಕ್ಕೆ ವಿರುದ್ಧವಾಗಿತ್ತು.

ಊಟದ ಕಥೆಯೂ ಇಂಥದ್ದೇ. ಅಲ್ಲಿ ಬೆಳಿಗ್ಗೆ ಚಹ, ಒಂಬತ್ತು ಒಂಬತ್ತೂವರೆಗೆ ದಾಲ್ ಭಾತ್, ಹತ್ತಕ್ಕೆ ಶಾಲೆ, ಸಂಜೆ ಏನಾದರೂ ಸಣ್ಣ ತಿಂಡಿ, ರಾತ್ರಿ ಮತ್ತೆ ದಾಲ್ ಭಾತ್. ನನಗೆ ದಿನವೂ ಎರಡು ಹೊತ್ತು ಬೆಳ್ಳಗಿನ ಅನ್ನ ಬಡಿಸುತ್ತಿದ್ದರು. ಅತಿಥಿ ಉಂಡ ಮೇಲೆ ಮನೆಯವರು ಉಣ್ಣುವುದು ಅಲ್ಲಿಯ ಕ್ರಮವಾದ್ದರಿಂದ ಅವರು ಏನು ಉಣ್ಣುತ್ತಾರೆಂದು ನಾನು ನೋಡಿರಲಿಲ್ಲ. ಮೂರನೆಯ ವಾರ ಒಂದು ರಾತ್ರಿ ನೀರಿಗೆಂದು ಅಡುಗೆಮನೆಗೆ ಹೋದೆ. ನಾಲ್ವರೂ ಒಲೆಯ ಸುತ್ತ ಕುಳಿತು ಕಂಚಿನ ತಟ್ಟೆಗಳಲ್ಲಿ ಕಪ್ಪಗಿನದೇನನ್ನೋ ಬೆರಳಿನಲ್ಲಿ ಮುರಿದು, ಗುಂದ್ರುಕ್ ಎಂಬ ಒಣಸೊಪ್ಪಿನ ಹುಳಿಸಾರಿಗೆ ಅದ್ದಿ ನುಂಗುತ್ತಿದ್ದರು. ಬಹಿನಿ ತಟ್ಟೆಯನ್ನು ಸೆರಗಿನ ಮರೆಗೆ ಸರಿಸಿದಳು. ಅದು ಢಿಂಡೋ. ಅಲ್ಲಿ ಕೋದೋ ಎನ್ನುವ ಧಾನ್ಯದ ಹಿಟ್ಟಿನಿಂದ ಮಾಡಿದ್ದು. ನೇಪಾಳಿಯ ಕೋದೋ ನಮ್ಮ ರಾಗಿ. ಎಂದರೆ, ಮಂಡ್ಯದ ಕಡೆಯವಳಾದ ನಾನು ಮೂರು ವಾರದಿಂದ ಯಾವ ಮುದ್ದೆಗಾಗಿ ಬಾಯಿ ಬಿಡುತ್ತಿದ್ದೆನೋ ಅದರ ಒಡಹುಟ್ಟನ್ನು ಹತ್ತು ಅಡಿ ದೂರದಲ್ಲಿ ನನ್ನಿಂದ ಬಚ್ಚಿಟ್ಟು ಉಣ್ಣುತ್ತಿದ್ದರು. ಪೇಟೆಯ ಅಕ್ಕಿ ನನಗೆ, ಹೊಲದ ರಾಗಿ ಅವರಿಗೆ.

ಅಂದಿನಿಂದ ನಾನೂ ಢಿಂಡೋ ಉಂಡೆ. ಮುದ್ದೆಯಷ್ಟು ಗಟ್ಟಿಯಲ್ಲ, ಉಂಡೆ ಕಟ್ಟುವುದಿಲ್ಲ. ಆದರೆ ಅಗಿಯದೆ ನುಂಗುವುದು ನಮ್ಮಂತೆಯೇ. ನನ್ನ ಊರಿನಲ್ಲಿ ಇದು ಮರ್ಯಾದೆಯ ಊಟವೆಂದು ಹೇಳಿದಾಗ ಆಮಾ ನಂಬಲಿಲ್ಲ. ಅತಿಥಿಯ ಸಂಕೋಚದ ಮಾತೆಂದು ತಿಳಿದು, ಮರುದಿನ ಮತ್ತೆ ಅನ್ನವನ್ನೇ ಬಡಿಸಿದರು. ಮಂಡ್ಯದಲ್ಲಿರುವ ನನ್ನ ತಮ್ಮನ ಮನೆಯಿಂದ ಮುದ್ದೆಯ ಫೋಟೋ ತರಿಸಿ ಮೊಬೈಲಿನಲ್ಲಿ ತೋರಿಸಿದ ಮೇಲೆಯೇ ಅವರಿಗೆ ಸಮಾಧಾನವಾಗಿದ್ದು. ಆ ರಾಗಿ ಕಟಾವಿಗೆ ಬಂದದ್ದು ನವೆಂಬರಿನಲ್ಲಿ. ತೆನೆ ಕೊಯ್ಯಲು ಅವರ ಜೊತೆ ಹೋಗಿದ್ದೆ. ಐದು ತಿಂಗಳಲ್ಲಿ ಆ ಮನೆಗೆ ನಾನು ನಿಜವಾಗಿ ಉಪಯೋಗಕ್ಕೆ ಬಿದ್ದ ದಿನಗಳೆಂದರೆ ಅವೇ ಇರಬೇಕು.

ಇನ್ನು ಹಣದ ವಿಚಾರ. ನನ್ನನ್ನು ಕಳಿಸಿದ ಕಠ್ಮಂಡುವಿನ ಸಂಸ್ಥೆಗೆ ನಾನು ದಿನಕ್ಕೆ ಸುಮಾರು 700 ಭಾರತೀಯ ರೂಪಾಯಿಯ ಲೆಕ್ಕದಲ್ಲಿ ಮುಂಗಡ ಕಟ್ಟಿದ್ದೆ. ನಮ್ಮ 100 ರೂಪಾಯಿಗೆ ಅಲ್ಲಿ 160 ರೂಪಾಯಿ. ಈ ವಿನಿಮಯ ದರ 1993ರಿಂದ ಬದಲಾಗಿಲ್ಲ. ಹಾಗೆ ನೋಡಿದರೆ ದಿನಕ್ಕೆ 1,120 ನೇಪಾಳಿ ರೂಪಾಯಿ ಆಯಿತು. ನಾನು ಬ್ಯಾಂಕಿನಲ್ಲಿದ್ದವಳೆಂದು ತಿಳಿದು ಬಹಿನಿ ಒಂದು ಸಂಜೆ ತನ್ನ ಲೆಕ್ಕದ ಪುಸ್ತಕ ತಂದಳು. ಅವಳಿಗೆ ಬರುತ್ತಿದ್ದುದು ದಿನಕ್ಕೆ 200 ನೇಪಾಳಿ ರೂಪಾಯಿ, ಅದೂ ತಿಂಗಳು ಕಳೆದ ಮೇಲೆ. ನಾನೆಷ್ಟು ಕಟ್ಟಿದ್ದೇನೆಂದು ಅವಳು ಕೇಳಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹೇಳಿದೆ. ಅವಳು ಮಾತಾಡದೆ ಪುಸ್ತಕ ಮುಚ್ಚಿ ಎಮ್ಮೆಗೆ ಹುಲ್ಲು ಹಾಕಲು ಎದ್ದು ಹೋದಳು. ಸಂಸ್ಥೆಗೆ ಕಚೇರಿಯ ಖರ್ಚಿರುತ್ತದೆ, ಶಾಲೆಗಳೊಂದಿಗೆ ಓಡಾಡುವ ನೌಕರರಿರುತ್ತಾರೆ, ಅದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ಆದರೆ ‘ನಿಮ್ಮ ಹಣದಿಂದ ಒಂದು ಹಳ್ಳಿಯ ಕುಟುಂಬಕ್ಕೆ ನೆರವಾಗುತ್ತದೆ’ ಎಂದು ಅದರ ಕರಪತ್ರದಲ್ಲಿ ಅಚ್ಚಾಗಿತ್ತು. ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಕೊಟ್ಟು ಹಾಗೆ ಬರೆಯಬಹುದೇ ಎಂಬುದು ನನ್ನ ಪ್ರಶ್ನೆ.

ಆ 200 ರೂಪಾಯಿಯೊಳಗೆ ಏನೇನು ಬರಬೇಕಿತ್ತೆಂದು ಲೆಕ್ಕ ಹಾಕುವುದು ನನ್ನಂಥವಳಿಗೆ ಚಟ. ಅಕ್ಕಿ, ಬೇಳೆ, ಎಣ್ಣೆ, ಚಹಪುಡಿಯ ಲೆಕ್ಕವನ್ನು ಬರೆದಿಡಬಹುದು. ಬಹಿನಿ ಎದ್ದೇಳುತ್ತಿದ್ದುದು ನಾಲ್ಕೂವರೆಗೆ. ಧಾರೆಯಿಂದ ನೀರು ತರುವುದು, ಕೊಟ್ಟಿಗೆ ಗುಡಿಸುವುದು, ಡೋಕೋ ಎಂಬ ಬಿದಿರ ಬುಟ್ಟಿಗೆ ಹುಲ್ಲು ತುಂಬಿ ಹಣೆಪಟ್ಟಿಯಿಂದ ಬೆನ್ನ ಮೇಲೆ ಹೊರುವುದು, ಮಕ್ಕಳನ್ನು ಹೊರಡಿಸುವುದು. ಇಷ್ಟರ ನಡುವೆ ನನಗೆಂದು ಬೇರೆ ಅನ್ನ, ನನಗೆಂದು ಖಾರ ಕಡಿಮೆ ಹಾಕಿದ ಪಲ್ಯ, ನನ್ನ ಸ್ನಾನಕ್ಕೆ ಬಿಸಿನೀರು. ದಿನಕ್ಕೆ ಎರಡು ಗಂಟೆಯ ಹೆಚ್ಚಿನ ಕೆಲಸ ಎಂದು ನಾನು ಅಂದಾಜು ಮಾಡಿದೆ. ಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದುದು ದಿನಕ್ಕೆ ಮೂರು ಪೀರಿಯಡ್ಡು. ಭಾನುವಾರದಿಂದ ಶುಕ್ರವಾರದವರೆಗೆ ಶಾಲೆ, ಶನಿವಾರ ನನಗೆ ರಜೆ. ಅವಳಿಗೆ ಯಾವ ವಾರವೂ ಇಲ್ಲ. ಊರಿಗೆ ಮರಳಿದ ಮೇಲೆ ನನ್ನ ಸೇವೆಯನ್ನು ಮೆಚ್ಚಿ ಸಂಸ್ಥೆಯವರು ನನಗೊಂದು ಪ್ರಮಾಣಪತ್ರ ಕಳಿಸಿದರು. ಅವಳಿಗೆ ಕಳಿಸಿದ್ದರೆ ಅದನ್ನು ತೂಗುಹಾಕಲು ಗೋಡೆಯಾದರೂ ಇತ್ತು.

ಒಂದು ಸೂಕ್ಷ್ಮ ವಿಷಯವನ್ನೂ ಹೇಳದೆ ಬಿಡಲಾಗದು. ಬಹಿನಿ ಮುಟ್ಟಾದ ನಾಲ್ಕು ದಿನ ಅಡುಗೆಮನೆಗೆ ಹೋಗುತ್ತಿರಲಿಲ್ಲ. ಜಗಲಿಯ ಕೊನೆಯಲ್ಲಿ ಬೇರೆ ಹಾಸಿಗೆ. ನೇಪಾಳದ ದೂರಪಶ್ಚಿಮದಲ್ಲಿ ಹೆಂಗಸರನ್ನು ಬೇರೆ ಗುಡಿಸಲಿಗೇ ಅಟ್ಟುವ ಛೌಪಡಿ ಪದ್ಧತಿಯಷ್ಟು ಕ್ರೂರವಲ್ಲದಿದ್ದರೂ ಬೇರು ಅದೇ. ಮುಟ್ಟಿನ ಹೆಸರಿನಲ್ಲಿ ಹೊರಗಿಡುವುದು ಅಪರಾಧವೆಂದೂ ಅದಕ್ಕೆ ಮೂರು ತಿಂಗಳ ಸೆರೆ ಅಥವಾ 3,000 ರೂಪಾಯಿ ದಂಡ ಅಥವಾ ಎರಡೂ ಎಂದೂ ನೇಪಾಳದ ಸಂಸತ್ತು ನಾನು ಹೋಗುವ ಹಿಂದಿನ ತಿಂಗಳಷ್ಟೇ ಶಾಸನ ಮಾಡಿತ್ತು. ಪಕ್ಕದ ಮನೆಯಲ್ಲಿದ್ದ ಇಪ್ಪತ್ತೊಂದು ವರ್ಷದ ಯುರೋಪಿನ ಸ್ವಯಂಸೇವಕಿ ಇದನ್ನು ಕಂಡು ಕೆಂಡವಾದಳು. ಬಹಿನಿಯನ್ನು ಕೈಹಿಡಿದು ಒಳಗೆ ಕರೆದೊಯ್ಯಲು ಹೋದಳು. ಹುಡುಗಿಯ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ‘ಹೊರಗಾಗುವುದು’ ಹೇಗಿತ್ತೆಂದು ಬಲ್ಲ ನನಗೆ ಆ ಜಗಲಿಯ ಮೂಲೆ ಅಪರಿಚಿತವೇನಲ್ಲ. ಇಂದಿಗೂ ನಮ್ಮ ರಾಜ್ಯದ ಕೆಲವು ಹಟ್ಟಿಗಳಲ್ಲಿ ಅದು ಉಳಿದಿದೆ. ಆದರೆ ಆ ನಾಲ್ಕು ದಿನ ನಮಗೆ ಬೇಯಿಸಿ ಹಾಕುತ್ತಿದ್ದುದು ಬೆನ್ನು ಬಾಗಿದ ಆಮಾ. ಅತಿಥಿ ಇಲ್ಲದಿದ್ದರೆ ಅವಲಕ್ಕಿ ಮೊಸರಿನಲ್ಲಿ ಮುಗಿಯುತ್ತಿದ್ದ ಆ ಹೊತ್ತುಗಳಲ್ಲಿ, ನಾನಿದ್ದೇನೆಂಬ ಒಂದೇ ಕಾರಣಕ್ಕೆ ಅವರು ದಾಲ್ ಭಾತ್ ಮಾಡುತ್ತಿದ್ದರು. ಕಾಯಿದೆಯ ಮಾತಾಡುವ ಮುನ್ನ ನಾನು ಮಾಡಬಹುದಾಗಿದ್ದುದು ಒಲೆ ಹಚ್ಚುವ ಕೆಲಸ. ಎರಡನೆಯ ತಿಂಗಳು ಆಮಾ ಅದಕ್ಕೆ ಒಪ್ಪಿದರು. ಒಪ್ಪುವ ಮೊದಲು ನನ್ನ ಥರ್ ಏನೆಂದು, ಎಂದರೆ ಮನೆತನ ಯಾವುದೆಂದು, ಕೇಳಿ ತಿಳಿದುಕೊಂಡರು ಎಂಬುದನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ಉತ್ತರ ಬೇರೆಯಾಗಿದ್ದರೆ ಆ ಒಲೆ ನನಗೆ ಸಿಗುತ್ತಿರಲಿಲ್ಲ. ಅದೇ ಊರಿನ ಇಳಿಜಾರಿನಲ್ಲಿದ್ದ ಕಾಮಿ, ದಮಾಯಿ ಎಂಬ ದಲಿತ ಜಾತಿಗಳ ಕುಟುಂಬಗಳ ಮನೆಗಳಿಗೆ ಸಂಸ್ಥೆ ಒಬ್ಬ ಸ್ವಯಂಸೇವಕರನ್ನೂ ಕಳಿಸಿರಲಿಲ್ಲ. ಕಾರಣ ಕೇಳಿದಾಗ ಶೌಚಾಲಯ ಸರಿಯಿಲ್ಲ ಎಂಬ ಉತ್ತರ ಬಂತು. ನಾನಿದ್ದ ಮನೆಯ ಶೌಚಾಲಯವೂ ಅವರ ಶೌಚಾಲಯವೂ ಒಂದೇ ಮೇಸ್ತ್ರಿ ಕಟ್ಟಿದ್ದು.

ಆ ಯುರೋಪಿನ ಹುಡುಗಿಯ ಬಗ್ಗೆ ಇನ್ನೂ ನಾಲ್ಕು ಮಾತು. ಅವಳು ಪ್ರಾಣಿಜನ್ಯ ಆಹಾರವನ್ನು ಮುಟ್ಟುತ್ತಿರಲಿಲ್ಲ. ಮನೆಯಾಕೆ ಪ್ರೀತಿಯಿಂದ ಕೊಟ್ಟ ಎಮ್ಮೆಯ ಹಾಲನ್ನು ಒಲ್ಲೆನೆಂದಾಗ, ತಮ್ಮ ಕೈಯ ಲೋಟ ಅವಳಿಗೆ ಎಂಜಲಿನಂತೆ ಕಂಡಿತೆಂದು ಆ ಮನೆಯವರು ನೊಂದರು. ಕೋಣೆಯ ಬಾಗಿಲು ಮುಚ್ಚಿಕೊಂಡಾಗ ಕಾಯಿಲೆಯೋ ಕೋಪವೋ ಎಂದು ಮೂರು ಸಲ ಹೋಗಿ ಬಡಿದರು. ಮಕ್ಕಳು ಚೀಲ ಬಿಚ್ಚಿ ನೋಡಿದರೆಂದು ಅವಳು ಅತ್ತಳು. ಯಾರ ತಪ್ಪೂ ಇಲ್ಲದ ಇಂಥ ನೋವುಗಳನ್ನು ಒಂದು ತಿಂಗಳ ಭಾಷಾ ತರಬೇತಿ ತಪ್ಪಿಸಬಹುದಾಗಿತ್ತು. ಅವಳಿಗೆ ಸಿಕ್ಕಿದ್ದು ಎರಡು ದಿನದ್ದು. ಆರು ವಾರಕ್ಕೆ ಅವಳು ಹೊರಟುಹೋದಳು. ಅವಳ ಹಿಂದೆಯೇ ತಿರುಗುತ್ತಿದ್ದ ಆ ಮನೆಯ ಐದು ವರ್ಷದ ಹುಡುಗ ನಾನು ಊರು ಬಿಡುವವರೆಗೂ ಬಸ್ಸು ಬಂದಾಗಲೆಲ್ಲ ರಸ್ತೆಗೆ ಓಡುತ್ತಿದ್ದ. ಅವಳಿಗಿಂತ ಮುಂಚೆ ಅದೇ ಕೋಣೆಯಲ್ಲಿ ಮೂವರು ಬಂದು ಹೋಗಿದ್ದರಂತೆ.

ಈ ಕಾರಣಕ್ಕಾಗಿಯೇ, ಅನಾಥಾಲಯಗಳಲ್ಲಿ ಸೇವೆ ಮಾಡಬಹುದೆಂದು ತಮ್ಮ ಲೇಖನದಲ್ಲಿ ಬಂದಿರುವ ಸಲಹೆಯನ್ನು ದಯವಿಟ್ಟು ಮರುಪರಿಶೀಲಿಸಬೇಕು. 1996ರಿಂದ 2006ರವರೆಗಿನ ಅಂತರ್ಯುದ್ಧದ ಕಾಲದಲ್ಲಿ ಹುಮ್ಲಾದಂಥ ದೂರದ ಜಿಲ್ಲೆಗಳ ಮಕ್ಕಳನ್ನು ಓದಿಸುತ್ತೇವೆಂದು ದಲ್ಲಾಳಿಗಳು ಕಠ್ಮಂಡುವಿಗೆ ತಂದು, ತಂದೆತಾಯಿ ಬದುಕಿದ್ದರೂ ಅನಾಥರೆಂದು ತೋರಿಸಿ ಪರದೇಶಿಗಳಿಂದ ದುಡ್ಡೆತ್ತಿದ್ದು ದಾಖಲಾಗಿರುವ ಸಂಗತಿ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾಯಿದೆ ತಂದಾಗ ಅನಾಥಾಲಯಗಳಿಗೆ ಮಕ್ಕಳನ್ನು ಸಾಗಿಸುವ ಈ ದಂಧೆಯೂ ಅಲ್ಲಿ ಚರ್ಚೆಗೆ ಬಂತು. ಬರುವ ಸ್ವಯಂಸೇವಕರು ಇರುವವರೆಗೆ ತೋರಿಸಲು ಮಕ್ಕಳೂ ಬೇಕಾಗುತ್ತಾರೆ.

ಇಷ್ಟಾದರೂ ಕುಟುಂಬದೊಂದಿಗೆ ವಾಸಿಸುವುದೇ ಬೇಡವೆನ್ನುವವಳು ನಾನಲ್ಲ. ಅಮೆರಿಕದ ಅಧ್ಯಕ್ಷ ಕೆನಡಿ 1961ರಲ್ಲಿ ಆರಂಭಿಸಿದ ಪೀಸ್ ಕೋರ್‌ನ ಸ್ವಯಂಸೇವಕರು ಹೋದ ದೇಶದಲ್ಲಿ ಮೊದಲ ಸುಮಾರು ಮೂರು ತಿಂಗಳು ತರಬೇತಿ ಪಡೆಯುವಾಗ ಊರಿನ ಕುಟುಂಬವೊಂದರಲ್ಲಿದ್ದು ಭಾಷೆ ಕಲಿಯುತ್ತಾರೆ, ನಂತರವೇ ಕೆಲಸಕ್ಕಿಳಿದು ಎರಡು ವರ್ಷ ಇರುತ್ತಾರೆ. ಆ ಯೋಜನೆ 1976ರವರೆಗೆ ಭಾರತದಲ್ಲೂ ಇತ್ತು. ಆಗಿನ ಮೈಸೂರು ರಾಜ್ಯಕ್ಕೂ ಕೋಳಿ ಸಾಕಣೆ ಹೇಳಿಕೊಡಲು ಅಮೆರಿಕದ ಹುಡುಗರು ಬಂದಿದ್ದರು. ಅವರ ರಾಜಕೀಯದ ಬಗ್ಗೆ ಬೇರೆ ಮಾತಾಡಬಹುದು, ಆದರೆ ಅವರು ಕನ್ನಡ ಕಲಿತು ಬಂದಿದ್ದರು. ನೇಪಾಳದ ಸ್ಯಾಂಗ್ಜಾ ಜಿಲ್ಲೆಯ ಸಿರುಬಾರಿ ಎಂಬ ಗುರುಂಗ್ ಜನರ ಹಳ್ಳಿ 1997ರಲ್ಲೇ ಹೋಂಸ್ಟೇ ಆರಂಭಿಸಿತು. ಅಲ್ಲಿ ಅತಿಥಿ ಯಾವ ಮನೆಗೆ ಹೋಗಬೇಕೆಂದು ತೀರ್ಮಾನಿಸುವುದು ಊರಿನ ಸಮಿತಿ. ನಮ್ಮ ಕೊಡಗು, ಚಿಕ್ಕಮಗಳೂರುಗಳ ಹೋಂಸ್ಟೇಗಳು ಬಹುಪಾಲು ಹೆಸರಿಗೆ ಮನೆ, ನಡೆಯುವುದು ಲಾಡ್ಜಿನಂತೆ. ಅವುಗಳಿಗೆ ಇದನ್ನು ಹೋಲಿಸುವಂತಿಲ್ಲ.

ಭಾರತದವಳಾಗಿ ಅಲ್ಲಿದ್ದುದರಿಂದ ನಾನು ಕಂಡ ಇನ್ನೊಂದು ಔದಾರ್ಯವನ್ನು ಹೇಳಲೇಬೇಕು. 2015ರ ಸೆಪ್ಟೆಂಬರ್‌ನಿಂದ ಐದು ತಿಂಗಳ ಹತ್ತಿರ ಗಡಿಯಲ್ಲಿ ಸರಕು ಸಾಗಣೆ ನಿಂತು, ಭೂಕಂಪದಿಂದ ತತ್ತರಿಸಿದ್ದ ನೇಪಾಳಕ್ಕೆ ಗ್ಯಾಸು, ಪೆಟ್ರೋಲು, ಔಷಧಿ ಯಾವುದೂ ಸಾಕಷ್ಟು ತಲುಪಲಿಲ್ಲ. ಅದು ತನ್ನ ದಿಗ್ಬಂಧನವಲ್ಲವೆಂದು ಭಾರತ ಸರ್ಕಾರ ಹೇಳಿತು; ಬೆಟ್ಟದ ಜನ ಅದನ್ನು ನಂಬಿಲ್ಲ. ನೀರಿನ ಧಾರೆಯ ಬಳಿ ಒಬ್ಬ ಮುದುಕಿ ‘ನಿಮ್ಮವರು ನಮ್ಮ ಒಲೆ ಆರಿಸಿದರು’ ಎಂದು ನನ್ನ ಮುಖಕ್ಕೇ ಹೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಆಮಾ ಆ ಮುದುಕಿಯನ್ನು ಗದರಿಸಿ, ನನ್ನ ಕೊಡವನ್ನು ತಾವೇ ಎತ್ತಿಕೊಂಡು ನಡೆದರು. ಅದಾಗಿ ಹತ್ತು ದಿನಕ್ಕೆ ದಸೈಂ ಬಂತು. ನಮ್ಮ ವಿಜಯದಶಮಿಯ ದಿನವೇ ಅಲ್ಲಿ ಹಿರಿಯರು ಕಿರಿಯರ ಹಣೆಗೆ ಅಕ್ಕಿ, ಮೊಸರು, ಕುಂಕುಮ ಕಲಸಿದ ಟೀಕಾ ಇಟ್ಟು, ಕಿವಿಗೆ ಜವೆಯ ಮೊಳಕೆ ಸಿಕ್ಕಿಸಿ, ಕೈಗೆ ದಕ್ಷಿಣೆ ಕೊಡುತ್ತಾರೆ. ಐವತ್ತೆರಡು ವರ್ಷದ ನನಗೂ ಆಮಾ ಟೀಕಾ ಇಟ್ಟು ಹತ್ತು ರೂಪಾಯಿಯ ಹೊಸ ನೋಟು ಕೊಟ್ಟರು. ಅದು ಈಗಲೂ ನನ್ನ ದೇವರ ಮಂಟಪದಲ್ಲಿದೆ.

ಹೋಗುವವರು ಹೋಗಲಿ. ಆದರೆ ಹಣ ಕಟ್ಟುವ ಮೊದಲು, ಅದರಲ್ಲಿ ಮನೆಯವರಿಗೆ ಎಷ್ಟು ಸೇರುತ್ತದೆ ಎಂದು ಸಂಸ್ಥೆಯಿಂದ ಬರಹದಲ್ಲಿ ಉತ್ತರ ಪಡೆಯಲಿ. ಉತ್ತರ ಕೊಡದ ಸಂಸ್ಥೆಗೆ ಹಣ ಕೊಡದಿರಲಿ. ಮೂರು ತಿಂಗಳಿಗಿಂತ ಕಡಿಮೆ ಇರುವುದಾದರೆ ಊರಿನ ಛತ್ರದಲ್ಲೋ ಶಾಲೆಯ ಕೋಣೆಯಲ್ಲೋ ಇದ್ದು ಸ್ವಂತ ಅಡುಗೆ ಮಾಡಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮನೆಯಲ್ಲೇ ಇರುವುದಾದರೆ ವಾರಕ್ಕೊಂದು ದಿನವಾದರೂ ಆ ಮನೆಯ ಹೆಂಗಸಿಗೆ ಅಡುಗೆಯಿಂದ ಬಿಡುವು ಸಿಗುವಂತೆ ನೋಡಿಕೊಳ್ಳಲಿ. ತಮ್ಮ ಪತ್ರಿಕೆ ಇಂಥ ಲೇಖನಗಳನ್ನು ಮುಂದೆಯೂ ಪ್ರಕಟಿಸುವಾಗ, ಹೋಗಿ ಬಂದವರ ಅನುಭವದ ಜೊತೆಗೆ, ಇರಿಸಿಕೊಂಡವರ ಮಾತನ್ನೂ ಒಂದು ಸಲ ಕೇಳಿಸಿ ಎಂಬುದು ನನ್ನ ವಿನಂತಿ. ಅದಕ್ಕಾಗಿ ದೂರ ಹೋಗಬೇಕಿಲ್ಲ. ನಮ್ಮ ಬೀದಿಬೀದಿಯ ಅಪಾರ್ಟ್‌ಮೆಂಟುಗಳನ್ನು ರಾತ್ರಿ ಕಾಯುವ ನೇಪಾಳಿಗಳಲ್ಲಿ ಎಷ್ಟೋ ಜನರ ಹಳ್ಳಿಗಳಿಗೆ ನಮ್ಮಂಥವರು ಬಂದು ಹೋಗಿರಬಹುದು.

ಕೊನೆಯದಾಗಿ ನನ್ನ ಮನೆಯ ಒಂದು ವಿಷಯ. ಅಂದು ಹನ್ನೆರಡು ವರ್ಷದವಳಾಗಿದ್ದ ಬಹಿನಿಯ ಮಗಳು ಈಗ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹಾಸ್ಟೆಲ್ ಸಿಗುವವರೆಗೆ ಎಂದು ನಮ್ಮ ಮನೆಗೆ ಬಂದವಳು ಇಲ್ಲೇ ಉಳಿದಿದ್ದಾಳೆ, ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ. ಬಂದ ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಗೀಸರಿನ ಸ್ವಿಚ್ಚು ಅರ್ಧ ಗಂಟೆಯಿಂದ ಹಾಕಿಯೇ ಇರುವುದನ್ನು ಕಂಡು ನನಗೆ ಒಳಗೊಳಗೇ ಕಿರಿಕಿರಿಯಾಯಿತು. ಬಾಯಿ ಬಿಟ್ಟು ಒಂದು ಮಾತನ್ನೂ ಆಡಲಿಲ್ಲ. ಸ್ವಿಚ್ಚು ಆರಿಸಿದೆ, ಅಷ್ಟೆ. ಮರುದಿನದಿಂದ ಅವಳು ತಣ್ಣೀರಿನಲ್ಲಿ ಸ್ನಾನ ಮಾಡತೊಡಗಿದಳು. ಯಾಕೆಂದು ಕೇಳಿದರೆ ‘ನಮ್ಮೂರಿನಲ್ಲೂ ಹೀಗೇ ದೊಡ್ಡಮ್ಮ, ಅಭ್ಯಾಸವಿದೆ’ ಎಂದಳು. ಅವಳ ಊರಿನಲ್ಲಿ ಐದು ತಿಂಗಳು, ಒಂದು ದಿನವೂ ತಪ್ಪದೆ, ನನ್ನ ಸ್ನಾನಕ್ಕೆ ಅವಳ ತಾಯಿ ಸೌದೆಯ ಒಲೆಯಲ್ಲಿ ನೀರು ಕಾಯಿಸಿ ಇಡುತ್ತಿದ್ದಳು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು